ಬೀಗ ಹಾಕಿದ ಓಲೆ

ಓಲೆಯನ್ನು ಬರೆಯುವವನು ಒಬ್ಬ, ಓದುವವನು ಇನ್ನೊಬ್ಬ, ಇವರಿಬ್ಬರ ನಡುವೆ ಅದನ್ನು ಒಯ್ಯುವವನು ಮೂರನೆಯವನು. ಓಲೆಯ ಗುಟ್ಟು ಉಳಿಯುವುದೂ ಹೋಗುವುದೂ ಬಹುಮಟ್ಟಿಗೆ ಈ ಮೂರನೆಯವನ ಕೈಯಲ್ಲಿದೆ. ಮೈಸೂರು ಸೀಮೆಯವರಾದ ನಮಗೆ ಇದು ಹೊಸ ಮಾತಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಏರ್ಪಟ್ಟ ಅಂಚೆಯು ಓಲೆಗಳನ್ನು ಸಾಗಿಸುವುದರ ಜೊತೆಗೆ ನಾಡಿನ ಸುದ್ದಿಯನ್ನು ಗುಟ್ಟಾಗಿ ಅರಮನೆಗೆ ಮುಟ್ಟಿಸುವ ಕೆಲಸವನ್ನೂ ಮಾಡುತ್ತಿದ್ದಿತೆಂದು ಚರಿತ್ರಕಾರರು ಬರೆದಿದ್ದಾರೆ. ಆ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯದ ಅಂಚೆಯೊಡನೆ ಸೇರಿಹೋಯಿತು. ಹೆಸರು ಮಾತ್ರ ಅಳಿಯಲಿಲ್ಲ. ಇಂದಿನ ಇ-ಮೇಲನ್ನು ಸಹ ನಾವು ಮಿಂಚಂಚೆ ಎಂದು ಕರೆಯುತ್ತೇವೆ. ಹೆಸರಿನೊಡನೆ ಆ ಹಳೆಯ ಪ್ರಶ್ನೆಯೂ ಬಂದಿದೆ: ಒಯ್ಯುವವನು ಓದಬಹುದೆ?

ಓದಬಹುದು ಎಂಬುದೇ ಉತ್ತರ. ನಾವು ಕಳುಹಿಸುವ ಮಿಂಚಂಚೆ ಲಕೋಟೆಯಲ್ಲಿಟ್ಟ ಕಾಗದವಲ್ಲ, ಕಾರ್ಡು. ಒಂದು ಠಾಣೆಯಿಂದ ಇನ್ನೊಂದು ಠಾಣೆಗೆ ಹೋಗುವಾಗ ಈಗ ಅದನ್ನು ಸಾಮಾನ್ಯವಾಗಿ ಬೀಗ ಹಾಕಿದ ಟಪ್ಪಾಲು ಚೀಲದಲ್ಲಿಟ್ಟೇ ಸಾಗಿಸುತ್ತಾರೆ. ದಾರಿಯಲ್ಲಿ ಕಿತ್ತುಕೊಂಡವನಿಗೆ ಅದು ತಿಳಿಯದು. ಆದರೆ ಪ್ರತಿಯೊಂದು ಠಾಣೆಯಲ್ಲಿಯೂ ಚೀಲ ಬಿಚ್ಚುತ್ತದೆ. ಅಲ್ಲಿ ಕಾರ್ಡುಗಳೆಲ್ಲ ತೆರೆದ ಮೈಯಲ್ಲಿಯೇ ಇರುತ್ತವೆ. ಆ ಠಾಣೆಯ ಯಜಮಾನನಿಗೂ, ಅದರೊಳಗೆ ಕನ್ನ ಹಾಕಿದವನಿಗೂ, ನಮ್ಮ ಗುಪ್ತಪದ ಹೇಗೋ ಕೈಗೆ ಸಿಕ್ಕಿದವನಿಗೂ ಅವು ಓದಲು ಬರುತ್ತವೆ.

‘ಓದಿದರೆ ಓದಲಿ, ನಮ್ಮಲ್ಲಿ ಅಂತಹ ಗುಟ್ಟೇನಿದೆ?’ ಎಂದು ಸಹಪಾಠಿಗಳು ಕೇಳಬಹುದು. ವಿದ್ಯಾರ್ಥಿವೇತನದ ಕಾಲದಲ್ಲಿ ನಾವು ಏನೇನು ಕಳುಹಿಸುತ್ತೇವೆಂಬುದನ್ನು ನೆನೆದುಕೊಳ್ಳೋಣ. ಆಧಾರ್ ಕಾರ್ಡಿನ ಎರಡು ಮುಖ, ಬ್ಯಾಂಕಿನ ಪಾಸ್‌ಬುಕ್ಕಿನ ಮೊದಲ ಪುಟ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಕೆಲವರಿಗೆ ತಂದೆಯ ಮರಣಪತ್ರ, ಅಂಗವೈಕಲ್ಯದ ಬಗ್ಗೆ ವೈದ್ಯರ ಬರಹ. ಹಾಡಿಗಳಿಂದ ಬರುವ ನಮ್ಮ ಗೆಳೆಯರಲ್ಲಿ ಅನೇಕರಿಗೆ ಸ್ವಂತ ಕಂಪ್ಯೂಟರಿಲ್ಲ. ಅವರು ಪೇಟೆಯ ಅಂಗಡಿಯೊಂದರಲ್ಲಿ ಕುಳಿತು, ಅಂಗಡಿಯವರ ವಿಳಾಸದಿಂದಲೇ ಇದನ್ನೆಲ್ಲ ಕಳುಹಿಸುತ್ತಾರೆ. ಅಂತಹ ಒಂದು ಅಂಗಡಿಯಲ್ಲಿ ಹಿಂದಿನ ಗಿರಾಕಿಯ ಪಾಸ್‌ಬುಕ್ಕು ಪರದೆಯ ಮೇಲೆ ಹಾಗೆಯೇ ತೆರೆದಿದ್ದುದನ್ನು ನಾನು ನೋಡಿದ್ದೇನೆ. ಬಡವನಿಗೆ ಬಚ್ಚಿಡುವ ಗುಟ್ಟಿಲ್ಲದಿರಬಹುದು. ಕಳೆದುಕೊಂಡರೆ ಮತ್ತೆ ಕಟ್ಟಿಕೊಳ್ಳಲಾರದ ಖಾತೆಯೊಂದು ಇದ್ದೇ ಇದೆ.

ಈ ತೊಂದರೆಗೆ ವಿದ್ವಾಂಸರು ಕಂಡುಹಿಡಿದಿರುವ ಪರಿಹಾರ ಗೂಢಲಿಪಿ. ಹಿಂದಿನ ಗೂಢಲಿಪಿಗಳಲ್ಲಿ ಒಂದು ತೊಡಕಿತ್ತು. ಬರೆಯುವವನಿಗೂ ಓದುವವನಿಗೂ ಒಂದೇ ಬೀಗದ ಕೈ ಬೇಕಾಗಿದ್ದಿತು. ಆ ಬೀಗದ ಕೈಯನ್ನು ಗುಟ್ಟಾಗಿ ಮುಟ್ಟಿಸುವುದು ಹೇಗೆ? ಗುಟ್ಟಾಗಿ ಮುಟ್ಟಿಸುವ ದಾರಿ ಇದ್ದಿದ್ದರೆ ಓಲೆಯನ್ನೇ ಆ ದಾರಿಯಲ್ಲಿ ಕಳುಹಿಸಬಹುದಾಗಿತ್ತಲ್ಲವೆ? 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬ ಇಬ್ಬರು ಅಮೆರಿಕದಲ್ಲಿ ಈ ಗಂಟನ್ನು ಬಿಡಿಸುವ ಮಾರ್ಗವನ್ನು ಪ್ರಕಟಿಸಿದರು. ಮರುವರ್ಷ ರಿವೆಸ್ಟ್, ಶಮಿರ್, ಆಡಲ್‌ಮನ್ ಎಂಬ ಮೂವರು ಅದಕ್ಕೆ ಬಳಕೆಯ ರೂಪವೊಂದನ್ನು ಕೊಟ್ಟರು. ಅದರ ತಿರುಳು ಇಷ್ಟು. ಪ್ರತಿಯೊಬ್ಬನಿಗೂ ಎರಡು ಕೀಲಿಗಳಿರುತ್ತವೆ. ಒಂದು ಬಹಿರಂಗ ಕೀಲಿ. ಇದು ಬಾಯಿ ತೆರೆದ ಬೀಗದಂತೆ. ಅದನ್ನು ಊರಿಗೆಲ್ಲ ಹಂಚಬಹುದು. ಯಾರು ಬೇಕಾದರೂ ಓಲೆಯನ್ನು ಪೆಟ್ಟಿಗೆಯಲ್ಲಿಟ್ಟು ಆ ಬೀಗವನ್ನು ಒತ್ತಿ ಮುಚ್ಚಬಹುದು. ತೆರೆಯುವುದು ಮಾತ್ರ ಎರಡನೆಯದಾದ ಖಾಸಗಿ ಕೀಲಿಯಿಂದ. ಅದು ಒಡೆಯನ ಬಳಿಯನ್ನು ಬಿಟ್ಟು ಕದಲಕೂಡದು.

ಇದರ ಬಲವಿರುವುದು ಗಣಿತದಲ್ಲಿ. 89ನ್ನೂ 97ನ್ನೂ ಗುಣಿಸಿ 8633 ಎಂದು ಹೇಳುವುದು ಒಂದು ನಿಮಿಷದ ಕೆಲಸ. 8633 ಯಾವ ಎರಡು ಸಂಖ್ಯೆಗಳ ಗುಣಲಬ್ಧವೆಂದು ಹುಡುಕಹೊರಟರೆ ಬಹಳ ಹೊತ್ತು ಬೇಕು. ನೂರಾರು ಅಂಕೆಗಳ ಅವಿಭಾಜ್ಯ ಸಂಖ್ಯೆಗಳನ್ನು ತೆಗೆದುಕೊಂಡರೆ ಇಂದಿನ ಯಂತ್ರಗಳಿಗೂ ಅದು ಎಟುಕದು. 1991ರಲ್ಲಿ ಫಿಲ್ ಜಿಮ್ಮರ್‌ಮನ್ ಎಂಬವರು ಈ ವಿದ್ಯೆಯನ್ನು ಸಾಮಾನ್ಯರ ಮಿಂಚಂಚೆಗೆ ಅಳವಡಿಸಿ ಪಿ.ಜಿ.ಪಿ. ಎಂಬ ತಂತ್ರಾಂಶವನ್ನು ಹೊರತಂದರು. ಗೂಢಲಿಪಿಯನ್ನು ಯುದ್ಧಸಾಮಗ್ರಿಯೆಂದು ಎಣಿಸುತ್ತಿದ್ದ ಅಮೆರಿಕದ ಸರ್ಕಾರ ಅವರ ಮೇಲೆ ತನಿಖೆ ನಡೆಸಿ, ಕೊನೆಗೆ 1996ರಲ್ಲಿ ಅದನ್ನು ಕೈಬಿಟ್ಟಿತು. ಅದೇ ಮಾರ್ಗ ಈಗ ಓಪನ್ ಪಿ.ಜಿ.ಪಿ. ಎಂಬ ಹೆಸರಿನಿಂದ ಎಲ್ಲರಿಗೂ ತೆರೆದ ನಿಯಮಾವಳಿಯಾಗಿದೆ.

ಈ ಜೋಡಿ ಕೀಲಿಗೆ ಇನ್ನೊಂದು ಉಪಯೋಗವುಂಟು. ಅದನ್ನು ನಮ್ಮ ಹಳ್ಳಿಯವರು ಆಗಲೇ ಬಲ್ಲರು. ಖಾಸಗಿ ಕೀಲಿಯಿಂದ ರುಜು ಹಾಕಿದರೆ ಬಹಿರಂಗ ಕೀಲಿಯಿಂದ ಯಾರಾದರೂ ಅದನ್ನು ಪರೀಕ್ಷಿಸಬಹುದು. ಗ್ರಾಮ ಪಂಚಾಯತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11 ಪಡೆದವರು ಅದರ ಮೇಲೆ ಅಧಿಕಾರಿಯ ಡಿಜಿಟಲ್ ಸಹಿಯ ಉಲ್ಲೇಖವನ್ನು ಕಂಡಿರುತ್ತಾರೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಆ ಸಹಿಗೆ ಕಾನೂನಿನ ಮಾನ್ಯತೆಯನ್ನು ಕೊಟ್ಟಿತು. ಆದುದರಿಂದ ಈ ವಿದ್ಯೆ ನಮ್ಮ ತಾಲ್ಲೂಕಿಗೆ ಬಂದೇ ಇದೆ. ಸಹಿಯಾಗಿ ಬಂದಿದೆ, ಬೀಗವಾಗಿ ಮಾತ್ರ ಬಂದಿಲ್ಲ.

ಏಕೆ ಬಂದಿಲ್ಲವೆಂಬುದನ್ನು ತಿಳಿಯಲು ಕಳೆದ ರಜೆಯಲ್ಲಿ ಒಂದು ಪ್ರಯೋಗ ಮಾಡಿದೆವು. ನಾನು ಕೋಟೆಯಲ್ಲಿ, ನನ್ನ ಸಹಪಾಠಿಯೊಬ್ಬನು ಹುಣಸೂರಿನಲ್ಲಿ. ಹದಿನೈದು ದಿನ ಇಬ್ಬರೂ ಗೂಢಲಿಪಿಯಲ್ಲಿಯೇ, ಕನ್ನಡದಲ್ಲಿಯೇ ಕಾಗದ ಬರೆಯುವುದೆಂದು ಗೊತ್ತುಮಾಡಿಕೊಂಡೆವು. ಇದಕ್ಕಾಗಿ ಥಂಡರ್‌ಬರ್ಡ್ ಎಂಬ ಉಚಿತ ತಂತ್ರಾಂಶವನ್ನು ಆರಿಸಿಕೊಂಡೆವು. ಹಿಂದೆ ಇದಕ್ಕೆ ಎನಿಗ್‌ಮೇಲ್ ಎಂಬ ಸೇರ್ಪಡೆಯನ್ನು ಬೇರೆಯಾಗಿ ಹಾಕಿಕೊಳ್ಳಬೇಕಾಗಿದ್ದಿತು. 2020ರ 78ನೆಯ ಆವೃತ್ತಿಯಿಂದ ಈಚೆಗೆ ಗೂಢಲಿಪಿಯ ಏರ್ಪಾಡು ಅದರೊಳಗೇ ಇದೆ. ನಾವು ಕಂಡುಕೊಂಡ ತೊಡಕುಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಬೀಗ ಯಾರದೆಂಬ ಪ್ರಶ್ನೆ. ನನಗೆ ಬಂದ ಬಹಿರಂಗ ಕೀಲಿ ನನ್ನ ಗೆಳೆಯನದೇ ಎಂದು ಹೇಗೆ ನಂಬಲಿ? ಯಾವನೋ ಒಬ್ಬನು ಗೆಳೆಯನ ಹೆಸರಿನಲ್ಲಿ ತನ್ನ ಬೀಗವನ್ನು ಕಳುಹಿಸಿದ್ದರೆ, ನಾನು ಭದ್ರವಾಗಿ ಬೀಗ ಹಾಕಿ ಕಳ್ಳನಿಗೇ ಪೆಟ್ಟಿಗೆಯನ್ನು ಕೊಟ್ಟಂತಾಗುವುದು. ಇದಕ್ಕಾಗಿ ಪ್ರತಿ ಕೀಲಿಗೂ ಬೆರಳಚ್ಚು ಎಂಬ ಗುರುತಿದೆ. ಬಳಕೆಯಲ್ಲಿರುವ ಹೆಚ್ಚಿನ ಕೀಲಿಗಳಿಗೆ ಅದು 40 ಅಕ್ಷರ ಮತ್ತು ಅಂಕೆಗಳ ಸಾಲು. ತಂತ್ರಾಂಶವು ‘ಈ ಕೀಲಿಯನ್ನು ಒಪ್ಪುವಿರಾ?’ ಎಂದು ಕೇಳುತ್ತದೆ. ಒಪ್ಪಿದೆನೆಂದು ಒತ್ತುವುದು ಸುಲಭ. ಒಪ್ಪುವ ಮೊದಲು ಆ ನಲವತ್ತನ್ನೂ ತಾಳೆ ನೋಡುವುದು ಕಷ್ಟ. ನಾವಿಬ್ಬರೂ ಫೋನಿನಲ್ಲಿ ಓದಿ ತಾಳೆ ನೋಡಿದೆವು. ಧ್ವನಿಯ ಪರಿಚಯವಿದ್ದುದರಿಂದ ಅದು ಸಾಧ್ಯವಾಯಿತು. ಮುಖ ಕಾಣದ ಅಧಿಕಾರಿಯೊಡನೆ ಇದು ಅಷ್ಟು ಸುಲಭವಲ್ಲ.

ಎರಡನೆಯದು, ಲಕೋಟೆಯ ಹೊರಮೈ. ಗೂಢಲಿಪಿಯು ಕಾಗದದ ಒಡಲನ್ನು ಮುಚ್ಚುತ್ತದೆಯೇ ಹೊರತು ಯಾರಿಂದ, ಯಾರಿಗೆ, ಯಾವ ಗಳಿಗೆಯಲ್ಲಿ ಎಂಬುದನ್ನು ಮುಚ್ಚುವುದಿಲ್ಲ. ಹಳೆಯ ಪದ್ಧತಿಯಲ್ಲಿ ವಿಷಯದ ಸಾಲೂ ತೆರೆದೇ ಇರುತ್ತಿತ್ತು. ‘ತಂಗಿಯ ಆಪರೇಷನ್ನಿಗೆ ಸಾಲ’ ಎಂದು ಮೇಲೆ ಬರೆದು ಒಳಗೆ ಏನನ್ನು ಮುಚ್ಚಿದರೇನು? ಥಂಡರ್‌ಬರ್ಡ್ ಈಗ ವಿಷಯವನ್ನೂ ಒಳಗೆ ಸೇರಿಸಿ ಹೊರಗೆ ಮೂರು ಚುಕ್ಕಿಗಳನ್ನಿಡಬಲ್ಲುದು. ಆದರೆ ಓದುವವನ ತಂತ್ರಾಂಶಕ್ಕೆ ಆ ಪದ್ಧತಿ ತಿಳಿಯದಿದ್ದರೆ ಅವನಿಗೂ ಮೂರು ಚುಕ್ಕಿಗಳೇ ಕಾಣುತ್ತವೆ. ಅಂತಹ ಹತ್ತು ಕಾಗದಗಳಲ್ಲಿ ಬೇಕಾದುದನ್ನು ಹುಡುಕುವವನ ಪಾಡು ಬೇಡ.

ಮೂರನೆಯದು ಹುಡುಕಾಟದ್ದೇ. ಮಿಂಚಂಚೆಯ ದೊಡ್ಡ ಸೌಕರ್ಯವೆಂದರೆ, ಒಂದು ಶಬ್ದವನ್ನು ಕೊಟ್ಟರೆ ಮೂರು ವರ್ಷದ ಹಿಂದಿನ ಕಾಗದವನ್ನೂ ತೆಗೆದುಕೊಡುವುದು. ಬೀಗ ಹಾಕಿದ ಪೆಟ್ಟಿಗೆಗಳಲ್ಲಿ ಠಾಣೆಯವನು ಏನನ್ನು ಹುಡುಕಿಯಾನು? ಮೊಬೈಲಿನಲ್ಲಿ ಬ್ರೌಸರ್ ತೆರೆದು ನೋಡಿದಾಗ ನಮಗೆ ಕಂಡುದು ಅರ್ಥವಿಲ್ಲದ ಅಕ್ಷರಗಳ ಒಂದು ಕಡತ ಮಾತ್ರ. ಖಾಸಗಿ ಕೀಲಿ ಮನೆಯ ಕಂಪ್ಯೂಟರಿನಲ್ಲಿತ್ತು. ಕೀಲಿಯನ್ನು ಮೊಬೈಲಿಗೂ ಸಾಗಿಸಬಹುದು. ಸಾಗಿಸಿದಷ್ಟೂ ಕಳೆದುಹೋಗುವ ಎಡೆಗಳು ಹೆಚ್ಚುತ್ತವೆ.

ನಾಲ್ಕನೆಯದು ಕನ್ನಡಕ್ಕೆ ಸಂಬಂಧಿಸಿದುದು. ಹಿಂದೆ ‘ನುಡಿ’ಯ ಅಕ್ಷರಗಳಲ್ಲಿ ಬರೆದ ಪತ್ರವನ್ನು ಆ ಅಕ್ಷರಗಳಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಏನಾಗುತ್ತಿದ್ದಿತೆಂಬುದನ್ನು ನಮ್ಮ ಉಪನ್ಯಾಸಕರೆಲ್ಲ ಬಲ್ಲರು. ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೆರೆ ಹೊತ್ತ ಅಕ್ಷರ, ನಡುವೆ ಪೌಂಡಿನ ಗುರುತು! ನೋಡಿದವರು ಅದನ್ನು ಗೂಢಲಿಪಿಯೆಂದೇ ಭಾವಿಸಬಹುದು. ಆದರೆ ಅದು ಬೀಗವಲ್ಲ. ಆ ಅಕ್ಷರಗಳನ್ನು ಹಾಕಿಕೊಂಡ ಯಾರೂ ಅದನ್ನು ಓದಬಹುದು. ಯೂನಿಕೋಡ್ ಬಂದ ಮೇಲೆ ಆ ಪೀಡೆ ಬಹಳ ಮಟ್ಟಿಗೆ ತೊಲಗಿತು. ಈಗ ಬಳಕೆಯಲ್ಲಿರುವ ಯು.ಟಿ.ಎಫ್.-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟುಗಳು ಬೇಕು. ‘ಕನ್ನಡ’ ಎಂಬ ಮಾತಿನಲ್ಲಿ ಒತ್ತಕ್ಷರದ ವಿರಾಮಚಿಹ್ನೆಯನ್ನೂ ಸೇರಿಸಿ ಐದು ಚಿಹ್ನೆಗಳು. ಎಂದರೆ 15 ಬೈಟುಗಳು. ಗೂಢಲಿಪಿಯ ತಂತ್ರಾಂಶಕ್ಕೆ ಅಕ್ಷರದ ಪರಿಚಯವಿಲ್ಲ. ಅದು ಬೈಟುಗಳನ್ನು ಮಾತ್ರ ಬಲ್ಲುದು. ಬೀಗ ತೆರೆದ ಮೇಲೆ ಅವನ್ನು ಯಾವ ಕ್ರಮದಲ್ಲಿ ಓದಬೇಕೆಂಬ ಸೂಚನೆ ಪೆಟ್ಟಿಗೆಯೊಳಗೇ ಇರಬೇಕು. ಇಡೀ ಕಾಗದವನ್ನು, ಅದರ ಲಕ್ಷಣ ತಿಳಿಸುವ ಸಾಲುಗಳ ಸಮೇತ, ಪೆಟ್ಟಿಗೆಯಲ್ಲಿಡುವ ಪಿ.ಜಿ.ಪಿ. ಮೈಮ್ ಎಂಬ ಪದ್ಧತಿ ಈ ಸೂಚನೆಯನ್ನು ಕಾಪಾಡುತ್ತದೆ. ಬರಹವನ್ನಷ್ಟೆ ಮುಚ್ಚಿ ಕಾಗದದ ನಡುವೆ ಅಂಟಿಸುವ ಹಳೆಯ ಪದ್ಧತಿಯಲ್ಲಿ ಸೂಚನೆ ತಪ್ಪಿಹೋಗಬಹುದು. ಆಗ ಬೀಗವೂ ಸರಿ, ಕೀಲಿಯೂ ಸರಿ, ಪೆಟ್ಟಿಗೆಯೂ ತೆರೆಯಿತು. ಒಳಗಿನ ಕನ್ನಡ ಮಾತ್ರ ಕನ್ನಡವಾಗಿ ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತೊಂದರೆ ಗೊತ್ತೇ ಆಗುವುದಿಲ್ಲ. ಏಕೆಂದರೆ ಅವರ ಅಕ್ಷರಗಳು ಬಹುತೇಕ ಎಲ್ಲ ಕ್ರಮಗಳಲ್ಲಿಯೂ ಒಂದೇ.

ಐದನೆಯದು, ಉತ್ತರ ಬರೆಯುವಾಗಿನ ಸೋರಿಕೆ. ನಾನು ಬೀಗ ಹಾಕಿ ಕಳುಹಿಸಿದ ಕಾಗದವನ್ನು ಗೆಳೆಯನು ತೆರೆದು ಓದಿ ಉತ್ತರ ಬರೆಯುತ್ತಾನೆ. ಉತ್ತರದ ಕೆಳಗೆ ನನ್ನ ಕಾಗದದ ಪ್ರತಿ ತಾನಾಗಿಯೇ ಅಂಟಿಕೊಳ್ಳುತ್ತದೆ. ಆ ಉತ್ತರ ಬೀಗವಿಲ್ಲದೆ ಹೊರಟರೆ ನನ್ನ ಗುಟ್ಟೂ ಅದರ ಜೊತೆಯಲ್ಲೇ ಹೊರಟುಹೋಯಿತು. ಬರೆಯುತ್ತಿರುವಾಗಲೇ ಠಾಣೆಯಲ್ಲಿ ಉಳಿದುಕೊಳ್ಳುವ ಕರಡು ಪ್ರತಿಯ ಕಥೆಯೂ ಇದೇ. ಒಳ್ಳೆಯ ತಂತ್ರಾಂಶಗಳು ಇವೆರಡನ್ನೂ ಮುಚ್ಚುವ ಏರ್ಪಾಡನ್ನು ಮಾಡಿಕೊಂಡಿವೆ, ಎಲ್ಲವೂ ಅಲ್ಲ.

ಆರನೆಯದು, ತಂತ್ರಾಂಶವೇ ಓದಿ ಹೇಳಿಬಿಡುವ ಅಪಾಯ. 2018ರ ಮೇ ತಿಂಗಳಿನಲ್ಲಿ ಜರ್ಮನಿಯ ವಿದ್ವಾಂಸರು ಇ-ಫೇಲ್ ಎಂಬ ದೋಷವನ್ನು ಪ್ರಕಟಿಸಿದರು. ಕದ್ದ ಗೂಢ ಕಾಗದವೊಂದನ್ನು ಕಳ್ಳನು ಮತ್ತೊಂದು ಕಾಗದದ ನಡುವೆ ಜಾಣತನದಿಂದ ಸಿಕ್ಕಿಸಿ ಅದರ ಒಡೆಯನಿಗೇ ಕಳುಹಿಸುತ್ತಾನೆ. ತಂತ್ರಾಂಶ ಅದನ್ನು ತೆರೆಯುತ್ತದೆ. ಕಾಗದದಲ್ಲಿರುವ ಚಿತ್ರವೊಂದನ್ನು ತರುವ ನೆಪದಲ್ಲಿ, ತೆರೆದ ಬರಹವನ್ನು ಕಳ್ಳನ ವಿಳಾಸಕ್ಕೇ ತಲಪಿಸುತ್ತದೆ. ಗಣಿತ ಸೋಲಲಿಲ್ಲ, ಬೀಗ ಮುರಿಯಲಿಲ್ಲ. ಮನೆಯ ಆಳೇ ಕಾಗದವನ್ನು ಕಿಟಕಿಯಲ್ಲಿ ನಿಂತು ಗಟ್ಟಿಯಾಗಿ ಓದಿದಂತಾಯಿತು. ತಂತ್ರಾಂಶಗಳನ್ನು ಆ ಮೇಲೆ ತಿದ್ದಿದರು. ಹೊರಗಿನ ಚಿತ್ರಗಳನ್ನು ತಾನಾಗಿ ತರಿಸದಿರುವುದು ಇಂದಿಗೂ ಒಳ್ಳೆಯ ಅಭ್ಯಾಸ.

ಏಳನೆಯದು, ಎಲ್ಲಕ್ಕಿಂತ ಕಠಿನವಾದುದು: ಕೀಲಿಯ ನಷ್ಟ. ನಮ್ಮ ಪ್ರಯೋಗದ ಹನ್ನೊಂದನೆಯ ದಿನ ಗೆಳೆಯನ ಮನೆಯ ಕಂಪ್ಯೂಟರು ಕೆಟ್ಟಿತು. ರಿಪೇರಿಯವನು ಒಳಗಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಟ್ಟನು. ಖಾಸಗಿ ಕೀಲಿ ಅದರೊಡನೆ ಹೋಯಿತು. ಠಾಣೆಯಲ್ಲಿ ಕಾಗದಗಳೆಲ್ಲ ಹಾಗೆಯೇ ಇವೆ. ನಾನು ಬರೆದ ನಾಲ್ಕು ಪುಟಗಳ ಒಂದು ಕಾಗದವನ್ನು ಅವನು ಇನ್ನೆಂದಿಗೂ ಓದಲಾರನು. ಗುಪ್ತಪದ ಮರೆತರೆ ಠಾಣೆಯವರು ಹೊಸದನ್ನು ಕೊಡುತ್ತಾರೆ. ಕೀಲಿ ಕಳೆದರೆ ಕೊಡುವವರು ಯಾರೂ ಇಲ್ಲ. ಬೇರೆ ಯಾರ ಬಳಿಯೂ ಇಲ್ಲದಿರುವುದೇ ಅದರ ಗುಣವಲ್ಲವೆ? ಇಲ್ಲಿಯೇ ಒಂದು ತಪ್ಪು ತಿಳಿವಳಿಕೆಯನ್ನೂ ನಿವಾರಿಸಬೇಕು. ಥಂಡರ್‌ಬರ್ಡಿನಲ್ಲಿ ಕೀಲಿಯನ್ನು ಮಾಡುವಾಗ ಸಾಮಾನ್ಯವಾಗಿ ಮೂರು ವರ್ಷದ ಅವಧಿಯನ್ನು ಸೂಚಿಸುತ್ತದೆ. ಅವಧಿ ಮುಗಿದ ಕೀಲಿಯನ್ನು ಕೆಲವರು ಅಳಿಸಿಬಿಡುತ್ತಾರೆ, ಹಾಗೆ ಮಾಡಲಾಗದು. ಅವಧಿ ಮುಗಿದ ಕೀಲಿಗೆ ಹೊಸ ಕಾಗದ ಬರುವುದು ನಿಲ್ಲುತ್ತದೆಯೇ ಹೊರತು ಹಳೆಯ ಕಾಗದಗಳನ್ನು ತೆರೆಯುವ ಶಕ್ತಿ ಅದಕ್ಕೆ ಉಳಿದೇ ಇರುತ್ತದೆ.

ಇವೆಲ್ಲ ಹಳ್ಳಿಗಾಡಿನವರ ಕಷ್ಟವೆಂದು ಯಾರೂ ತಿಳಿಯಬಾರದು. 1999ರಲ್ಲಿ ವಿಟನ್ ಮತ್ತು ಟೈಗರ್ ಎಂಬ ಅಮೆರಿಕದ ವಿದ್ವಾಂಸರು ಪ್ರಕಟಿಸಿದ ಪರೀಕ್ಷೆಯಲ್ಲಿ, ಇ-ಮೇಲಿನ ಅಭ್ಯಾಸವಿದ್ದ 12 ಜನರಿಗೆ ತೊಂಬತ್ತು ನಿಮಿಷ ಕೊಟ್ಟರೂ ಹೆಚ್ಚಿನವರು ಸರಿಯಾಗಿ ಬೀಗ ಹಾಕಿದ ಓಲೆಯನ್ನು ಕಳುಹಿಸಲಾರದೆ ಹೋದರು. ಮೂವರು ಗುಟ್ಟನ್ನು ತೆರೆದ ಕಾರ್ಡಿನಲ್ಲಿಯೇ ಕಳುಹಿಸಿಬಿಟ್ಟರು. 2012ರ ಕೊನೆಯಲ್ಲಿ ಎಡ್ವರ್ಡ್ ಸ್ನೋಡೆನ್ ತನ್ನ ಹೆಸರು ಹೇಳದೆ ಪತ್ರಕರ್ತ ಗ್ಲೆನ್ ಗ್ರೀನ್‌ವಾಲ್ಡರಿಗೆ ಬರೆದು, ಪಿ.ಜಿ.ಪಿ. ಹಾಕಿಕೊಳ್ಳುವಂತೆ ಕೇಳಿದ್ದನು. ಅದರ ತೊಡಕಿನಿಂದ ಆ ಕೆಲಸ ಮುಂದೆ ಮುಂದೆ ಹೋಯಿತು. ಜಗತ್ತನ್ನು ನಡುಗಿಸಿದ ಸುದ್ದಿಯೂ ಆ ಬಾಗಿಲಲ್ಲಿ ಕಾಯಬೇಕಾಯಿತು.

‘ಹಾಗಾದರೆ ವಾಟ್ಸ್‌ಆಪ್‌ನಲ್ಲಿ ಈ ಕಷ್ಟವೊಂದೂ ಇಲ್ಲವಲ್ಲ?’ ಎಂಬುದು ಸಹಜವಾದ ಪ್ರಶ್ನೆ. 2016ರಿಂದ ಅದರ ಸಂದೇಶಗಳೆಲ್ಲ ಗೂಢಲಿಪಿಯಲ್ಲಿಯೇ ಹೋಗುತ್ತಿವೆ. ನಮಗೆ ಅದರ ಅರಿವೂ ಆಗುವುದಿಲ್ಲ. ಕಾರಣವಿಷ್ಟೆ: ಅಲ್ಲಿ ಬರೆಯುವ ಕಡೆಯ ತಂತ್ರಾಂಶ, ಓದುವ ಕಡೆಯ ತಂತ್ರಾಂಶ, ನಡುವಣ ಠಾಣೆ ಮೂರೂ ಒಂದೇ ಕಂಪೆನಿಯವು. ಬಹಿರಂಗ ಕೀಲಿಗಳನ್ನು ಹಂಚುವ ಕೆಲಸವನ್ನೂ ಅದೇ ನೋಡಿಕೊಳ್ಳುತ್ತದೆ. ಮಿಂಚಂಚೆ ಯಾರ ಸ್ವತ್ತೂ ಅಲ್ಲ. ಸಾವಿರಾರು ಠಾಣೆಗಳು, ನೂರಾರು ತಂತ್ರಾಂಶಗಳು. ಯಾರೂ ಯಾರನ್ನೂ ಕೇಳದೆ ಕಾಗದ ಬರೆಯಬಹುದು. ಆ ಸ್ವಾತಂತ್ರ್ಯಕ್ಕೆ ನಾವು ತೆರುವ ಬೆಲೆಯೇ ಈ ತೊಡಕು.

ಕಾನೂನಿನ ಮಾತನ್ನೂ ಹೇಳದಿದ್ದರೆ ಲೇಖನ ಅರ್ಧವಾದೀತು. ಮಾಹಿತಿ ತಂತ್ರಜ್ಞಾನ ಕಾಯಿದೆಯ 69ನೆಯ ಕಲಮಿನಂತೆ ಸರ್ಕಾರವು ಗೊತ್ತಾದ ಕಾರಣಗಳಿಗಾಗಿ ಗೂಢಲಿಪಿಯನ್ನು ಬಿಡಿಸಿಕೊಡಲು ಆಜ್ಞಾಪಿಸಬಹುದು. ನಿರಾಕರಿಸಿದವರಿಗೆ ಏಳು ವರ್ಷಗಳವರೆಗೆ ಸೆರೆವಾಸವುಂಟು. 2015ರ ಸೆಪ್ಟೆಂಬರಿನಲ್ಲಿ ಕೇಂದ್ರವು ಒಂದು ಕರಡು ನೀತಿಯನ್ನು ಪ್ರಕಟಿಸಿ, ಗೂಢಲಿಪಿ ಬಳಸುವ ಪ್ರಜೆಗಳು ತೆರೆದ ಪ್ರತಿಯನ್ನು 90 ದಿನ ಇಟ್ಟುಕೊಂಡಿರಬೇಕೆಂದು ಸೂಚಿಸಿತು. ಪ್ರತಿಭಟನೆ ಎದ್ದೊಡನೆ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ.

ಇದರ ಇನ್ನೊಂದು ಮುಖವೂ ನಮ್ಮ ರಾಜ್ಯದಲ್ಲಿಯೇ ಕಾಣಿಸಿಕೊಂಡಿತು. ಗೂಢಲಿಪಿಗೆ ಹೆಸರಾದ ಸ್ವಿಟ್ಜರ್‌ಲೆಂಡಿನ ಪ್ರೋಟಾನ್ ಮೇಲ್ ಮೂಲಕ ತಮ್ಮ ಮಹಿಳಾ ನೌಕರರ ಮೇಲೆ ಅಶ್ಲೀಲ ಪತ್ರಗಳು ಬರುತ್ತಿವೆಯೆಂದು ಸಂಸ್ಥೆಯೊಂದು ಮೊರೆಯಿಟ್ಟಿತು. ಕರ್ನಾಟಕ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು 2025ರ ಏಪ್ರಿಲ್ 29ರಂದು ಆ ಅಂಚೆಯನ್ನು ದೇಶದಲ್ಲಿ ತಡೆಯುವ ಕ್ರಮ ಕೈಗೊಳ್ಳುವಂತೆ ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ಆ ಹೆಂಗಸರ ನೋವು ಸಣ್ಣದಲ್ಲ. ಆದರೂ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ನೋಡಬೇಕೆಂದು ನನಗೆ ತೋರುತ್ತದೆ. ಕಾಗದವನ್ನು ಮುಚ್ಚುವುದು ಬೇರೆ, ಬರೆದವನ ಹೆಸರನ್ನು ಮರೆಸುವುದು ಬೇರೆ. ಅಲ್ಲಿ ದೂರು ಇದ್ದುದು ಬರೆದವನು ಸಿಕ್ಕುವುದಿಲ್ಲವೆಂದು. ಕಾಗದ ಓದಲು ಬರುವುದಿಲ್ಲವೆಂದಲ್ಲ. ನಾವು ಬೇಡುವ ಬೀಗ ಬರೆದವನ ಹೆಸರನ್ನು ಹೊತ್ತೇ ಹೋಗುತ್ತದೆ. ರುಜುವನ್ನೂ ಜೊತೆಗೆ ಒಯ್ಯುತ್ತದೆ.

ಇಷ್ಟನ್ನು ಕಂಡ ಮೇಲೆ ನನಗೆ ತೋರುವುದು ಇದು: ಗೂಢಲಿಪಿಯ ಕಷ್ಟ ಇರುವುದು ಗಣಿತದಲ್ಲಲ್ಲ, ಮನೆವಾರ್ತೆಯಲ್ಲಿ. ಕೀಲಿಯನ್ನು ಎಲ್ಲಿಡಬೇಕು, ಯಾರದನ್ನು ನಂಬಬೇಕು, ಹಳೆಯದನ್ನು ಹೇಗೆ ಕಾಪಾಡಬೇಕು ಎಂಬ ಶಿಸ್ತು ಇಬ್ಬರಿಗೂ ಬೇಕು. ಒಬ್ಬನಿಗಿದ್ದು ಇನ್ನೊಬ್ಬನಿಗಿಲ್ಲದಿದ್ದರೆ ಇಬ್ಬರಿಗೂ ಇಲ್ಲದಂತೆಯೇ. ಆದುದರಿಂದ ಇದನ್ನು ಎಲ್ಲ ಕಾಗದಕ್ಕೂ ಬಳಸಬೇಕೆಂದು ನಾನು ಹೇಳುವುದಿಲ್ಲ. ನಮ್ಮ ಕಾಲೇಜಿಗೆ ಒಂದು ಸಣ್ಣ ಸಲಹೆಯನ್ನು ಮಾತ್ರ ಮುಂದಿಡುತ್ತೇನೆ. ವಿದ್ಯಾರ್ಥಿಗಳ ದಾಖಲೆಗಳನ್ನು ಪಡೆಯುವ ಕಚೇರಿಗೆ ಒಂದು ಜೋಡಿ ಕೀಲಿ ಇರಲಿ. ಬಹಿರಂಗ ಕೀಲಿಯ ಬೆರಳಚ್ಚನ್ನು ಸೂಚನಾಫಲಕದಲ್ಲಿ ಅಂಟಿಸಲಿ. ಕಣ್ಣಾರೆ ತಾಳೆ ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಖಾಸಗಿ ಕೀಲಿಯ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ, ಅದರ ಗುಪ್ತಪದವನ್ನು ಬೇರೆ ಲಕೋಟೆಯಲ್ಲಿಟ್ಟು, ಪ್ರಶ್ನೆಪತ್ರಿಕೆಗಳನ್ನಿಡುವಂತೆ ಕಬ್ಬಿಣದ ಬೀರುವಿನಲ್ಲಿಡಲಿ. ಸರ್ಕಾರಿ ಕಾಲೇಜಿನಲ್ಲಿ ಗುಮಾಸ್ತರಿಗೂ ಪ್ರಾಂಶುಪಾಲರಿಗೂ ವರ್ಗವಾಗುವುದು ಸಹಜ. ಚಾರ್ಜು ಕೊಡುವಾಗ ಬೀರುವಿನ ಬೀಗದ ಕೈ, ರಬ್ಬರ್ ಮೊಹರುಗಳ ಜೊತೆಗೆ ಈ ಕೀಲಿಯೂ ಪಟ್ಟಿಯಲ್ಲಿ ಸೇರಲಿ. ನಮ್ಮ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಪ್ರವೇಶದ ದಿನಗಳಲ್ಲಿ ಒಂದು ಗಂಟೆ ಮೀಸಲಿಟ್ಟರೆ, ಪೇಟೆಯ ಅಂಗಡಿಗೆ ಹೋಗಬೇಕಾದ ಗೆಳೆಯರು ಇಲ್ಲಿಯೇ ಕುಳಿತು ತಮ್ಮ ಕಾಗದಪತ್ರಗಳಿಗೆ ಬೀಗ ಹಾಕಿ ಕಳುಹಿಸಬಹುದು. ಕಲಿಸುವುದಕ್ಕೆ ನಾವಿಬ್ಬರು ಸಿದ್ಧರಿದ್ದೇವೆ. ನನ್ನ ಹುಣಸೂರಿನ ಗೆಳೆಯನು ಹೊಸ ಕೀಲಿಯನ್ನು ಮಾಡಿಕೊಂಡಿದ್ದಾನೆ, ಈ ಸಲ ಎರಡು ಪ್ರತಿಗಳೊಡನೆ.